ಅಭಯದ ಕೋಣೆ

ಶ್ರೀ ವೀತರಾಗಾಯ ನಮಃ

ಮಧುಗಿರಿ
೩೦-೯-೧೯೫೮, ಮಂಗಳವಾರ

ಚಿರಂಜೀವಿ ಸೌಭಾಗ್ಯವತಿ ವಿಮಲಾಳಿಗೆ ನಿನ್ನ ಅಮ್ಮನ ಆಶೀರ್ವಾದ.

ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಎಂದು ಬರೆದೆ. ನೀನೂ ಅಳಿಯಂದಿರೂ ಪಾವಗಡದಲ್ಲಿ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನವೇ ನಿನಗೊಂದು ಕಾರ್ಡು ಹಾಕುವುದು ನಮ್ಮ ಮನೆಯ ರೂಢಿ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸು, ನಾವೂ ಮನ್ನಿಸಿದ್ದೇವೆ, ಅಷ್ಟೇ ತಾನೇ ಬರೆಯುವುದು? ಈ ಸಲ ಎರಡು ದಿನ ತಡವಾಯಿತು. ಕಾರ್ಡು ತರಿಸಿ ಇಟ್ಟುಕೊಂಡಿದ್ದೆ. ಬರೆಯಲು ಕೂತರೆ ಅದರಲ್ಲಿ ಹಿಡಿಯುವ ಮಾತಲ್ಲ ಎನ್ನಿಸಿತು. ಆಮೇಲೆ ಲಕೋಟೆ ತರಿಸಿದೆ. ಬೇಜಾರು ಮಾಡಿಕೊಳ್ಳಬೇಡ.

ಹೋದ ಕಾರ್ತಿಕದಲ್ಲಿ ನೀನು ಈ ಮನೆಯಿಂದ ಬರಿಗೈಯಲ್ಲಿ ಹೋದವಳು ಮತ್ತೆ ಬರಲಿಲ್ಲ. ನನ್ನ ಕಾಗದಕ್ಕೆ ಎರಡು ಸಾಲು ಬರೆಯುತ್ತೀ, ನಿಮ್ಮಪ್ಪನ ಕಾಗದಕ್ಕೆ ಅದೂ ಇಲ್ಲ. ಬೈಯುತ್ತಿಲ್ಲ ಕಣೇ. ಎಂಟು ತಿಂಗಳ ಕೂಸನ್ನು ಕಳೆದುಕೊಂಡ ಮನೆಯ ಹೊಸ್ತಿಲು ತುಳಿ ಎಂದು ಯಾವ ಬಾಯಲ್ಲಿ ಹೇಳಲಿ? ಚಳಿಜ್ವರ ಯಾರ ಮನೆಗೆ ಬರಲಿಲ್ಲ ಎಂದು ಊರವರೆಲ್ಲ ಹೇಳಿದರು. ಊರವರಿಗೇನು, ಹೇಳಿ ಊಟಕ್ಕೆ ಹೋದರು.

ಈಗ ಅದೇ ಜ್ವರ ನಿಮ್ಮಣ್ಣನ ಮಗ ಶೀತಲನಿಗೆ ಬಂದಿದೆ. ದಿನ ಬಿಟ್ಟು ದಿನ, ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಚಳಿ ಹತ್ತುತ್ತದೆ. ಹಲ್ಲು ಕಟಕಟ ಎನ್ನುವುದು ನಡುಮನೆಯಿಂದ ಅಡುಗೆಮನೆಗೆ ಕೇಳಿಸುತ್ತದೆ. ಹೆಸರು ಶೀತಲ, ಮೈ ಮಾತ್ರ ಕಾದ ಹೆಂಚು. ನಾಲ್ಕು ವರ್ಷದ ಮಗು ವಿಮಲಾ, ಹೊಟ್ಟೆಯ ಎಡಗಡೆ ಗಡ್ಡೆ ಬೆಳೆದಂತೆ ಗಟ್ಟಿಯಾಗಿದೆ. ಇವತ್ತು ಜ್ವರ ಬರುವ ದಿನ. ಈಗ ಬೆಳಗ್ಗೆ ಹತ್ತು ಗಂಟೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಬರೆಯಲು ಕೂತಿದ್ದೇನೆ.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಚಂದ್ರಶೇಖರಯ್ಯನವರು ಪರ್ವದ ನಡುವೆ ಒಂದು ದಿನ ಮನೆಗೇ ಬಂದು ನೋಡಿದರು. ಗುಳಿಗೆ ಕೊಟ್ಟರು. ಹೊರಡುವಾಗ ನಿಮ್ಮಪ್ಪನನ್ನು ಜಗಲಿಗೆ ಕರೆದು, "ಯಜಮಾನರೇ, ಗುಳಿಗೆ ಜ್ವರ ಇಳಿಸುತ್ತೆ. ಆದರೆ ನಿಮ್ಮ ಮನೆ ಗೋಡೆ ಮೇಲೆ ಕೂತಿರೋ ಸೊಳ್ಳೆ ಮತ್ತೆ ತರುತ್ತೆ. ಈ ಮಗೂಗೆ ಮೈಯಲ್ಲಿ ರಕ್ತ ಇಲ್ಲ. ಇನ್ನೊಂದು ಸಲ ಮರುಕಳಿಸಿದರೆ ನನ್ನ ಕೈಲಾಗೋದಿಲ್ಲ. ಮಲೇರಿಯಾದವರು ಚತುರ್ದಶಿ ದಿನ ನಿಮ್ಮ ಬೀದಿಗೆ ಬರ್ತಾರೆ, ಬಾಗಿಲು ತೆಗೀರಿ" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನಿಮ್ಮಪ್ಪ ಕೈ ಮುಗಿದರು, ಹ್ಞೂಂ ಅನ್ನಲಿಲ್ಲ.

ನಿಮ್ಮಪ್ಪನ ವಿಷಯ ನಿನಗೆ ಹೇಳಬೇಕೇ? ಪಾತ್ರೆ ಅಂಗಡಿಯಲ್ಲಿ ಕೂತರೂ ತಕ್ಕಡಿಗೆ ಇರುವೆ ಹತ್ತಿದರೆ ಅದು ಇಳಿಯುವವರೆಗೆ ಗಿರಾಕಿಯನ್ನು ಕಾಯಿಸುವವರು. ಸೋಸಿದ ಬಟ್ಟೆಯಲ್ಲಿ ನಿಂತ ಜೀವಗಳನ್ನು ಅದೇ ಬಾವಿಗೆ ಇಳಿಸಿ ಬರದೆ ಒಂದು ತೊಟ್ಟು ನೀರು ಕುಡಿಯದವರು. ಹೋದ ವರ್ಷ ಪುರಸಭೆಯವರ ಒತ್ತಾಯಕ್ಕೆ ಮಣಿದು ಆ ಡಿ.ಡಿ.ಟಿ. ಹೊಡೆಸಿದ್ದರು. ಆಗಲೂ ಒಂದು ಕೋಣೆ ಬಿಡಿಸಿದ್ದರು. "ಅಟ್ಟಿಸಿಕೊಂಡ ಜೀವಕ್ಕೆ ಹೋಗೋಕೆ ಒಂದು ಜಾಗ ಇರಲಿ, ಇದು ಅಭಯದ ಕೋಣೆ" ಎಂದು ಹೇಳಿ ತಾವೇ ಚಿಲಕ ಹಾಕಿದ್ದರು. ಸಂಜೆ ಮನೆ ಗುಡಿಸಿದರೆ ಜಿರಳೆ, ಚಿಟ್ಟೆ, ಒಂದು ಹಲ್ಲಿ, ಮೊರದ ತುಂಬ. ಅದನ್ನು ನೋಡಿ ಆ ಮನುಷ್ಯ ಎರಡು ದಿನ ಅನ್ನ ಮುಟ್ಟಲಿಲ್ಲ. ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಬಸದಿಯಲ್ಲಿ ನಿಯಮ ತೆಗೆದುಕೊಂಡು ಬಂದರು.

ಈ ಸಲ ಮಲೇರಿಯಾದವರು ಬರುವುದು ಪರ್ವದಲ್ಲೇ ಆಗಬೇಕೇ! ಹಸಿ ಸೊಪ್ಪು ಕೂಡ ಕುಯ್ಯದ ಹತ್ತು ದಿನ. ಅದರಲ್ಲೂ ಅನಂತ ಚತುರ್ದಶಿ, ನಿಮ್ಮಪ್ಪ ನೀರೂ ಕುಡಿಯದೆ ಉಪವಾಸ ಇರುವ ದಿನ.

ಡಾಕ್ಟರು ಹೋದ ಮೇಲೆ ಮನೆಯಲ್ಲಿ ನಡೆದ ಮಾತು ಬರೆಯುತ್ತೇನೆ ಕೇಳು. ನಿನ್ನ ಅತ್ತಿಗೆ ಸುಮತಿ ಮದುವೆಯಾಗಿ ಬಂದಂದಿನಿಂದ ಮಾವನಿಗೆ ಎದುರು ನಿಂತು ಮಾತಾಡಿದವಳಲ್ಲ. ಅವತ್ತು ತಲೆ ಮೇಲೆ ಸೆರಗು ಎಳೆದುಕೊಂಡು ನಿಂತೇಬಿಟ್ಟಳು.

"ಮಾವ, ಗೃಹಸ್ಥರು ಪೂರ್ತಿ ಬಿಡಬೇಕಾದ್ದು ಸಂಕಲ್ಪೀ ಹಿಂಸೆ, ಕೊಲ್ಲಬೇಕು ಅಂತಲೇ ಕೊಲ್ಲೋದು. ಒಲೆ ಹೊತ್ತಿಸಿದ್ರೂ ಜೀವ ಸಾಯುತ್ತೆ, ಅದು ಆರಂಭೀ. ವ್ಯಾಪಾರ ಬೇಸಾಯದಲ್ಲಿ ಆಗೋದು ಉದ್ಯೋಗೀ. ಮನೆಗೆ ನುಗ್ಗಿದೋರನ್ನ ತಡೆಯೋವಾಗ ಆಗೋದು ವಿರೋಧೀ. ನೀವೇ ನನಗೆ ಹೇಳಿಕೊಟ್ಟಿದ್ದು. ಮಗೂನ ಕಾಯೋದು ವಿರೋಧೀ ಅಲ್ವಾ?"

"ಅಲ್ಲಮ್ಮ" ಎಂದರು ನಿಮ್ಮಪ್ಪ, ದನಿ ಏರಿಸದೆ. "ಕತ್ತಿ ಹಿಡಿದು ಬಂದೋನಿಗೆ ತಾನು ಕೊಲ್ಲೋಕೆ ಬಂದಿದ್ದೀನಿ ಅಂತ ಗೊತ್ತು. ಸೊಳ್ಳೆ ಹೊಟ್ಟೆಗೆ ಬಂದಿದ್ದು, ಅದಕ್ಕೆ ಏನು ಗೊತ್ತು? ಗೋಡೆಗೆಲ್ಲ ವಿಷ ಬಳಿದು, ಆರು ತಿಂಗಳು ಯಾವ ಜೀವ ಬಂದು ಕೂರುತ್ತೋ ಅಂತ ಕಾಯೋದು ತಡೆಯೋದಲ್ಲ. ಅದು ಸಂಕಲ್ಪ."

"ಹಂಗಾದ್ರೆ ಔಷಧ ದಾನ ಅನ್ನೋದು ಯಾಕಿದೆ?"

"ಅಭಯ ದಾನ ಅದಕ್ಕಿಂತ ದೊಡ್ಡದು."

"ಸೊಳ್ಳೆಗೆ ನೀವು ಅಭಯ ಕೊಡ್ತೀರಿ, ಶೀತಲನಿಗೆ ಯಾರು ಕೊಡ್ತಾರೆ ಮಾವ?"

ನಿಮ್ಮಪ್ಪ ಆಗ ಆಡಿದ ಮಾತು ನಿನಗೆ ನೋವಾಗುತ್ತೆ, ಆದರೂ ಬರೆಯುತ್ತೇನೆ. "ಹೋದ ವರ್ಷ ಹೊಡೆಸಲಿಲ್ವಾ? ಅಷ್ಟು ಜೀವ ತೆಗೆದೂ ನಮ್ಮ ವಿಮಲಾ ಮಗು ಉಳೀತಾ? ಆಯುಷ್ಯ ತೀರಿದರೆ ಮದ್ದು ಏನು ಮಾಡುತ್ತೆ?" ಎಂದರು. ಇದೇ ಮಾತನ್ನು ಅವರು ಒಂದು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ನಿಮ್ಮಣ್ಣ ನೇಮಿರಾಜ ಏನೆಂದ ಎಂದು ಕೇಳಬೇಡ. ಅಪ್ಪನ ಮುಖ ಒಂದು ಸಲ, ಹೆಂಡತಿ ಮುಖ ಒಂದು ಸಲ ನೋಡಿ ಅಂಗಡಿಗೆ ಹೋದ. ಪುಣ್ಯಾತ್ಮ ಹುಟ್ಟಿದಾಗಿನಿಂದ ಹಾಗೇ. ಸುಮತಿ ಆ ಸಂಜೆ ಬಟ್ಟೆ ಗಂಟು ಕಟ್ಟಿದಳು. "ಅತ್ತೆ, ಚತುರ್ದಶಿ ದಿನ ಬಾಗಿಲು ತೆಗೀಲಿಲ್ಲ ಅಂದ್ರೆ ಮಗೂನ ಎತ್ಕೊಂಡು ಸಿರಾಕ್ಕೆ ತವರಿಗೆ ಹೋಗ್ತೀನಿ. ತಿರುಗಿ ಬರಲ್ಲ" ಎಂದಳು. ಇತ್ತ ನಿಮ್ಮಪ್ಪ, "ಈ ಮನೆ ಒಳಗೆ ಆ ಪಂಪು ಬಂದರೆ ನಾನು ಬಸದಿ ಜಗಲಿಗೆ ಹೋಗ್ತೀನಿ, ಅನ್ನ ನೀರು ಅಲ್ಲಿಗೇ ಮುಗೀತು" ಎಂದರು. ಇವರಿಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ.

ಅವರಿಗೆ ಕರುಳಿಲ್ಲ ಎಂದುಕೊಳ್ಳಬೇಡ. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದ ಮನೆ ನಮ್ಮದು, ಆ ಹೊತ್ತಿನಲ್ಲಿ ಗುಳಿಗೆ ಕೊಡಲು ನಾನು ಅನುಮಾನಿಸಿದರೆ, "ಮಗೂಗೆ ಎಂಥ ವ್ರತವೇ? ಕೊಡು" ಎಂದು ಗದರಿದವರು ಅವರೇ. ಶೀತಲನ ಪಕ್ಕ ಕೂತು ಪಂಚೆಯ ತುದಿಯಿಂದ ಸೊಳ್ಳೆಗಳನ್ನು ಒಂದಕ್ಕೂ ಪೆಟ್ಟಾಗದಂತೆ ಬೀಸಿ ಅಟ್ಟುತ್ತಿದ್ದರು. ಕೈ ಸೋತರೆ ಇನ್ನೊಂದು ಕೈ. ಹಾಲು ಹಾಕುವ ಚಿಕ್ಕಹನುಮಕ್ಕ ನೋಡಿ, "ಇದೇನವ್ವ ನಿಮ್ ಯಜಮಾನ್ರು, ಸೊಳ್ಳೆಗೆ ಬೀಸಣಿಗೆ ಹಾಕ್ತಾ ಕುಂತವ್ರೆ! ಅದುಕ್ಕೇನು ಸೆಕೇನಾ?" ಎಂದಳು. ನನಗೆ ನಗು ಬಂತು, ನಗುತ್ತಲೇ ಅಳುವೂ ಬಂತು.

ಹನ್ನೆರಡು ಗಂಟೆಯಾಯಿತು. ಎದ್ದು ಹೋಗಿ ನೋಡಿ ಬಂದೆ. ಇನ್ನೂ ಚಳಿ ಇಲ್ಲ. ಸುಮತಿ ಕೈಯನ್ನು ಅವನ ಹಣೆಯ ಮೇಲಿಂದ ತೆಗೆದಿಲ್ಲ, ನಿನ್ನ ಕೈಯ ಬಿಸಿಯೇ ಅವನಿಗೆ ಹತ್ತುತ್ತೆ ತೆಗೆಯೇ ಎಂದರೂ ತೆಗೆಯುವುದಿಲ್ಲ.

ಚತುರ್ದಶಿ ದಿನ ಬೆಳಗಿನಿಂದಲೇ ಬೀದಿಯ ಆ ತುದಿಯಿಂದ ಪಂಪಿನ ಸದ್ದು ಕೇಳುತ್ತಿತ್ತು. ಒಂದೊಂದು ಮನೆಗೂ ಹೊಡೆದು ಬಾಗಿಲ ಪಕ್ಕ ಕೆಮ್ಮಣ್ಣಿನಲ್ಲಿ ತಾರೀಖು ಬರೆದು ಮುಂದಿನ ಮನೆಗೆ ಬರುವುದು. ನಿಮ್ಮಪ್ಪ ಅಭಿಷೇಕ ಮುಗಿಸಿ ಬಂದವರು ಬಾಗಿಲಿಗೆ ಅಡ್ಡವಾಗಿ ನಿಂತರು. ಪಂಪು ಹೊತ್ತು ಬಂದವನು ಅಕ್ಬರ್. ನೆನಪಿದೆಯಾ, ಸಿರಾದಿಂದ ಬಂದು ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಲ್ಲ ಹಬೀಬ್ ಸಾಬ್, ಅವರ ಮಗ. ಹೋದ ವರ್ಷ ಬಂದವನೂ ಅವನೇ.

"ಬೇಡಪ್ಪ ಅಕ್ಬರ್, ನಮ್ಮ ಮನೆ ಬಿಟ್ಟು ಮುಂದಕ್ಕೆ ಹೋಗು. ನಿನ್ನ ಮೇಲೆ ಕೋಪ ಇಲ್ಲ" ಎಂದರು.

"ಯಜಮಾನ್ರೇ, ಮನೇಲಿ ಜರ ಐತೆ ಅಂತ ಡಾಕುಟ್ರು ಬರ್ದವ್ರೆ. ಬುಟ್ಟು ಹೋದ್ರೆ ನಂಗೆ ಬೈಗುಳ. ಇನ್ ಆರು ತಿಂಗ್ಳು ಈ ಕಡೀಕೆ ಬರಾಕಿಲ್ಲ."

"ಹೋದ ವರ್ಷ ಹೊಡೆದೆಯಲ್ಲಯ್ಯ, ಏನು ಉಪಯೋಗ ಆಯ್ತು? ನನ್ನ ಮೊಮ್ಮಗಳು ಹೋದಳು."

ಅಕ್ಬರ್ ಪಾಪ ತಲೆ ತಗ್ಗಿಸಿದ. ಬೀದಿಯ ಜನವೆಲ್ಲ ಸೇರಿತ್ತು. ಅಷ್ಟರಲ್ಲಿ ಶೀತಲನಿಗೆ ಚಳಿ ಹತ್ತಿತು, ಅವತ್ತು ಹೊತ್ತಿಗೆ ಮುಂಚೆಯೇ ಬಂತು. ಸುಮತಿ ಮಗುವನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದವಳು ಹೊಸ್ತಿಲ ಮೇಲೆ, ಮಾವನ ಕಾಲ ಹತ್ತಿರ ಮಲಗಿಸಿಬಿಟ್ಟಳು. "ಮಾವ, ನಿಮ್ಮನ್ನ ದಾಟಿಕೊಂಡು ಪಂಪು ಒಳಗೆ ಬರೋದು ಬೇಡ. ನೀವು ಇವನನ್ನ ದಾಟಿಕೊಂಡು ಬಸದಿಗೆ ಹೋಗಿ, ನೋಡೋಣ" ಎಂದಳು. ಮಗು ನಡುಗುತ್ತಾ ನಿಮ್ಮಪ್ಪನ ಪಂಚೆ ಹಿಡಿದುಕೊಂಡು, "ತಾತಾ, ಬೀಸಬೇಡ, ಚಳಿ" ಎಂದಿತು.

ಅವರು ಹೊಸ್ತಿಲ ಮೇಲೇ ಕುಸಿದು ಕೂತು ಮಗುವನ್ನು ತೊಡೆಗೆ ಹಾಕಿಕೊಂಡರು. "ಹೊಡಿ ಅಕ್ಬರ್. ಪಾಪ ನನಗಿರಲಿ, ನಿನಗೆ ಬೇಡ. ಹೋದ ವರ್ಷದ ಹಾಗೆ ಆ ಒಂದು ಕೋಣೆ ಮಾತ್ರ ಬಿಟ್ಟುಬಿಡು" ಎಂದರು.

ಅಕ್ಬರ್ ಬಕೆಟ್ಟು ಕೆಳಗಿಟ್ಟ. "ಅಲ್ಲ ಯಜಮಾನ್ರೇ, ತಪ್ ತಿಳ್ಕಬೇಡಿ. ಹೋದ್ ವರ್ಸ ಹೊಡ್ದೂ ಏನಾಯ್ತು ಅಂತೀರಿ. ಪೂರಾ ಮನೆ ಎಲ್ ಹೊಡ್ದೆ? ಒಂದ್ ರೂಮು ಬುಡು ಅಂದ್ರಿ, ಬುಟ್ಬುಟ್ಟೆ. ಮಿಕ್ಕಿದ್ ಕಡೆ ಮದ್ದಿನ ಗಾಟು ತಡೀದೆ ಸೊಳ್ಳೆ ಎಲ್ಲಾ ಆ ರೂಮಿಗೇ ಸೇರ್ಕಂತವೆ. ಅಂಗೇ ಮಾಡಾದಾದ್ರೆ ನಾನ್ ಹೊಡೆಯೋದೂ ಒಂದೇ, ಬುಡೋದೂ ಒಂದೇ. ಆ ರೂಮಲ್ ಯಾರೂ ಮಲಗ್ದಿದ್ರೆ ಸರಿ."

ನಿಮ್ಮಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಲವತ್ತು ವರ್ಷದ ಸಂಸಾರದಲ್ಲಿ ಆ ಮುಖವನ್ನು ನಾನು ಕಂಡಿರಲಿಲ್ಲ. ಮಗುವನ್ನು ಸುಮತಿಯ ಕೈಗೆ ಕೊಟ್ಟರು. ಒಳಗೆ ಹೋದರು. ಚಿಲಕ ತೆಗೆದ ಸದ್ದು ಕೇಳಿಸಿತು. "ಬಾರಯ್ಯ, ಮೊದಲು ಇದಕ್ಕೆ ಹೊಡಿ" ಎಂದು ಕೂಗಿದರು. ಅಕ್ಬರ್ ಹೊಡೆಯುವಾಗ ಇವರು ಹೊರಗೆ ಬರಲಿಲ್ಲ. ಬಿಳಿ ಮಂಜು ಮೈ ಮೇಲೆಲ್ಲ ಬೀಳುತ್ತಿದ್ದರೂ ಗೋಡೆ ನೋಡುತ್ತಾ ನಿಂತಿದ್ದರು. ಅಕ್ಬರ್ ಹೆದರಿ ಕೈ ಹಿಡಿದು ಎಳೆದುಕೊಂಡು ಬಂದ.

ಸಂಜೆ ಸತ್ತ ಜೀವಗಳನ್ನು ಯಾರಿಗೂ ಗುಡಿಸಲು ಬಿಡಲಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ತಾವೇ ಒಟ್ಟುಮಾಡಿ ಹಿತ್ತಲಿನ ಬೇವಿನ ಬುಡದಲ್ಲಿ ಮಣ್ಣು ಮುಚ್ಚಿದರು. ಅವತ್ತಿನಿಂದ ಮಾತು ನಿಂತಿದೆ. ಬಸದಿಯಲ್ಲಿ ಯಾರೋ, ಮೌನ ವ್ರತವೇ ಎಂದು ಕೇಳಿದರಂತೆ. ಇಲ್ಲ ಎಂದು ತಲೆಯಾಡಿಸಿದರಂತೆ.

ಭಾನುವಾರ ಕ್ಷಮಾವಣಿ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದರು. ಸುಮತಿ ಮಾವನ ಕಾಲಿಗೆ ಬಿದ್ದಳು. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಸೊಸೆಗೆ ತಾವೇ ಕೈ ಮುಗಿದರು. ಅವಳ ಬಟ್ಟೆ ಗಂಟು ಬಿಚ್ಚಿಯಾಗಿದೆ.

ಮೂರು ಗಂಟೆಯಾಯಿತು ವಿಮಲಾ. ಚಳಿ ಬಂದಿಲ್ಲ. ಶೀತಲ ಗಂಜಿ ಬೇಡ, ಹಪ್ಪಳ ಬೇಕು ಎಂದು ಹಟ ಮಾಡುತ್ತಿದ್ದಾನೆ. ಆ ಹಟ ಕೇಳಿ ಸುಮತಿ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದಾಳೆ. ಗುಳಿಗೆ ಇನ್ನೂ ಕೆಲವು ದಿನ ನುಂಗಬೇಕು ಎಂದಿದ್ದಾರೆ ಡಾಕ್ಟರು. ಮೊದಲ ಗಂಡಾಂತರ ದಾಟಿತು ಎಂದುಕೊಂಡಿದ್ದೇನೆ.

ನಿನ್ನ ಮನೆಯಲ್ಲಿ ದೀಪ ಚೆನ್ನಾಗಿ ಉರಿಯಲಿ. ನಿನ್ನ ಮಡಿಲು ಮತ್ತೆ ತುಂಬಲಿ. ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ವೇಳೆಗೆ ಸರಿಯಾಗಿ ಊಟ ಮಾಡು, ನೀನು ಇಳಿದಿದ್ದೀಯಂತೆ.

ಇತಿ, ನಿನ್ನ ಅಮ್ಮ
ಅನಂತಮತಿ

ವಿ. ಸೂ.: ಲಕೋಟೆಗೆ ಅಂಟು ಹಚ್ಚಲು ಕೂತೆ, ಆಗಲಿಲ್ಲ.

ಆ ಕೋಣೆ ಯಾವುದೆಂದು ಬರೆಯದೆ ಬಿಟ್ಟಿದ್ದೇನೆ. ದೇವರ ಕೋಣೆಯ ಪಕ್ಕದ್ದು ಕಣೇ, ಮೂಡಲ ಕಿಟಕಿಯದು. ಹೋದ ದೀಪಾವಳಿಗೆ ನೀನು ಕೂಸನ್ನು ಎತ್ತಿಕೊಂಡು ಬಂದಾಗ ಮನೆಯೆಲ್ಲ ಇನ್ನೂ ಮದ್ದಿನ ನಾತವಿತ್ತು. "ಹಸುಗೂಸಿಗೆ ಈ ವಿಷದ ಗಾಳಿ ಬೇಡ. ಅಭಯದ ಕೋಣೆ ಶುದ್ಧವಾಗಿದೆ, ಅಲ್ಲಿ ಮಲಗಲಿ" ಎಂದು ನಿಮ್ಮಪ್ಪನೇ ಹೇಳಿದರು. ತೊಟ್ಟಿಲ ಹಗ್ಗ ಕಟ್ಟಿದವರೂ ಅವರೇ. ಪ್ರೀತಿಯಿಂದಲೇ ಕಟ್ಟಿದರು. ಆಯುಷ್ಯ ತೀರಿತ್ತು ಎಂದು ಒಂದು ವರ್ಷ ನಂಬಿದ್ದೆವು. ಅಕ್ಬರ್ ಏನೂ ಅರಿಯದೆ ಆಡಿದ ಮಾತಿನಿಂದ ನಮ್ಮಿಬ್ಬರಿಗೂ ತಿಳಿಯಿತು.

ಇನ್ನೊಂದು ಜೀವಕ್ಕೆ ನೋವಾಗುವ ಸತ್ಯವನ್ನು ಗೃಹಸ್ಥರು ಆಡಬೇಕಾಗಿಲ್ಲ ಎನ್ನುತ್ತಾರೆ. ಚತುರ್ದಶಿಯಿಂದ ನಾನು ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಯಾವುದಕ್ಕೆ ಎಂದು ಹೇಳದೆ ನಿನ್ನ ಹತ್ತಿರ ಮನ್ನಿಸಿದ್ದೇನೆ ಎಂದು ಬರೆಸಿಕೊಂಡರೆ ಅದು ಕಳ್ಳತನವಲ್ಲವೇ? ನಿನ್ನೆ ನಿಮ್ಮಪ್ಪ ಬಾಯಿ ಬಿಟ್ಟು ಒಂದೇ ಮಾತಾಡಿದರು. "ಕಾಗದದಲ್ಲಿ ಬರೀಬೇಡ. ನಾನೇ ಹೋಗಿ ಅವಳ ಮುಂದೆ ನಿಂತು ಹೇಳ್ತೀನಿ" ಎಂದರು. ಗುರುವಾರದ ಬಸ್ಸಿಗೆ ಪಾವಗಡಕ್ಕೆ ಹೊರಡುತ್ತಾರೆ. ನಾನು ಅವರ ಮಾತು ಮೀರಿ ಬರೆಯುತ್ತಿದ್ದೇನೆ. ಬಾಗಿಲಲ್ಲಿ ನಿಂತು, ಏನೂ ಗೊತ್ತಿಲ್ಲದೆ ಆ ಮಾತನ್ನು ನೀನು ಕೇಳುವುದು ನನಗೆ ಬೇಡ.

ಭಾನುವಾರ ಅವರು ನನಗೂ ಕೈ ಮುಗಿದರು. ಸೊಳ್ಳೆಯಿಂದ ಹಿಡಿದು ಸಕಲ ಜೀವಕ್ಕೂ ಮನ್ನಿಸಿದ್ದೇನೆ ಎಂದು ಪ್ರತಿ ವರ್ಷ ಹೇಳುವ ನನ್ನ ಬಾಯಿ ಅವರೊಬ್ಬರಿಗೆ ಮಾತ್ರ ತೆರೆಯಲಿಲ್ಲ. ಇನ್ನೂ ತೆರೆದಿಲ್ಲ. ಅದಕ್ಕೇ ನಿನಗೆ ಮನ್ನಿಸು ಎಂದು ನಾನು ಹೇಳುವುದಿಲ್ಲ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ.

ತೆಗೆದರೆ, ಮೊದಲು ಒಂದು ಚೊಂಬು ನೀರು ಸೋಸಿ ಕೊಡು. ಬೆಳಿಗ್ಗೆ ಇಲ್ಲಿಂದ ಏನೂ ಕುಡಿಯದೆ ಹೊರಡುತ್ತಾರೆ. ಬಸ್ಸು ತಡವಾಗಿ ಹೊತ್ತು ಮುಳುಗಿಬಿಟ್ಟರೆ, ನೀನು ಕೊಟ್ಟರೂ ಕುಡಿಯುವುದಿಲ್ಲ.